ಒಂಟಿ ಸೀಟಿ ಇಲ್ಲದ ಕಾಕ್‌ಪಿಟ್: ಮಂಗಳೂರು 2010, ಒಂದು ಪ್ರಕರಣ ಅಧ್ಯಯನ

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೊರಟ ಬಸ್ಸಿನಲ್ಲಿ ಕಂಡಕ್ಟರ್ ಎರಡು ಸೀಟಿ ಊದಿದರೆ ಬಸ್ಸು ಹೊರಡುತ್ತದೆ, ಒಂದೇ ಊದಿದರೆ ನಿಲ್ಲುತ್ತದೆ. ಡ್ರೈವರ್‌ಗೆ ಇಪ್ಪತ್ತೈದು ವರ್ಷ ಸರ್ವಿಸ್ ಆಗಿರಬಹುದು, ಕಂಡಕ್ಟರ್ ಹೋದ ತಿಂಗಳು ಸೇರಿದ ಹುಡುಗನೇ ಇರಬಹುದು. ಒಂಟಿ ಸೀಟಿ ಕಿವಿಗೆ ಬಿದ್ದರೆ ಕಾಲು ಮೊದಲು ಬ್ರೇಕಿಗೆ ಹೋಗುತ್ತದೆ, ‘ಯಾಕಪ್ಪಾ’ ಎಂಬ ಮಾತು ಆಮೇಲೆ. ಬಾಗಿಲಲ್ಲಿ ಅಜ್ಜಿಯ ಸೀರೆ ಸಿಕ್ಕಿದೆಯೋ, ಹಿಂದಿನ ಗಾಲಿಯ ಹತ್ತಿರ ಯಾರಾದರೂ ಇದ್ದಾರೋ, ಸ್ಟಿಯರಿಂಗ್ ಮುಂದೆ ಕೂತವನಿಗೆ ಕಾಣುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತು.

2010ರ ಮೇ 22ರ ಬೆಳಿಗ್ಗೆ ಬಜ್ಪೆಯ ಗುಡ್ಡದ ಮೇಲಿರುವ ಮಂಗಳೂರು ವಿಮಾನ ನಿಲ್ದಾಣದಲ್ಲಿ ಇಳಿಯಲು ಬಂದ ಬೋಯಿಂಗ್ 737-800 ವಿಮಾನದಲ್ಲಿ ಇಬ್ಬರು ತರಬೇತಾದ ಪೈಲಟ್‌ಗಳಿದ್ದರು, ಕೂಗಿ ಎಚ್ಚರಿಸುವ ಯಂತ್ರವಿತ್ತು. ಅಂಥ ಸೀಟಿ ಮಾತ್ರ ಇರಲಿಲ್ಲ. 166 ಜನರಲ್ಲಿ 158 ಮಂದಿ ಸತ್ತರು, ಎಂಟು ಜನ ಉಳಿದರು. ತೋರಣಗಲ್ಲು, ಸಂಡೂರು, ಗಿಣಿಗೇರಾ, ಶಕ್ತಿನಗರದ ಕಡೆಯ ಕಾರ್ಖಾನೆಗಳಲ್ಲಿ ಕ್ರೇನ್ ನಡೆಸುವವರಿಗೂ, ಅವರಿಗೆ ಸುರಕ್ಷತಾ ಪಾಠ ಹೇಳುವವರಿಗೂ ಈ ಪ್ರಕರಣ ಉಪಯೋಗಕ್ಕೆ ಬರುವುದು ಈ ಒಂದು ಕಾರಣಕ್ಕೆ. ಹಾಗಾಗಿ ಇಲ್ಲಿ ಮುಖ್ಯವಾಗಿ ನೋಡುವುದು ಕೊನೆಯ ಕೆಲವು ನಿಮಿಷಗಳನ್ನು.

ಆ ಬೆಳಿಗ್ಗೆ ಆದದ್ದು

ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 812ನೇ ನಂಬರಿನ ವಿಮಾನ ದುಬೈನಿಂದ ಬರುತ್ತಿತ್ತು. ಇದೇ ಸಿಬ್ಬಂದಿ ರಾತ್ರಿ ಮಂಗಳೂರಿನಿಂದ ಹೊರಟು ದುಬೈ ಮುಟ್ಟಿ, ಅದೇ ವಿಮಾನದಲ್ಲಿ ವಾಪಸಾಗುತ್ತಿದ್ದರು. ಕಾಕ್‌ಪಿಟ್‌ನ ಧ್ವನಿ ದಾಖಲೆ 2 ಗಂಟೆ 5 ನಿಮಿಷದ್ದು. ಅದರ ಮೊದಲ 1 ಗಂಟೆ 40 ನಿಮಿಷದಲ್ಲಿ ಕ್ಯಾಪ್ಟನ್‌ರ ಮಾತೇ ಇಲ್ಲ. ಭಾರವಾದ ಉಸಿರು, ಗೊರಕೆ, ನಡುನಡುವೆ ರೇಡಿಯೊದಲ್ಲಿ ಸಹಪೈಲಟ್‌ನ ದನಿ, ಅಷ್ಟೇ. ಗಾಢ ನಿದ್ದೆಯಿಂದ ಎದ್ದವನ ಬುದ್ಧಿ ಕೂಡಲೇ ಚುರುಕಾಗುವುದಿಲ್ಲ. ಕಣ್ಣು ತೆರೆದಿರುತ್ತದೆ, ಕೈ ಆಡುತ್ತಿರುತ್ತದೆ, ತೀರ್ಮಾನ ಮಾತ್ರ ಜಡವಾಗಿರುತ್ತದೆ. ಸಿ ಶಿಫ್ಟ್ (ರಾತ್ರಿ ಪಾಳಿ) ಮಾಡಿದವರಿಗೆ ಬೆಳಗಿನ ಜಾವದ ಆ ಮಂಪರು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮಂಗಳೂರಿನ ರಾಡಾರ್ ಮೇ 20ರಿಂದ ಕೆಟ್ಟಿತ್ತು. ರಾಡಾರ್ ಇಲ್ಲದಾಗ ನಿಯಂತ್ರಣ ಕೊಠಡಿಯವರಿಗೆ ವಿಮಾನ ಪರದೆಯ ಮೇಲೆ ಕಾಣುವುದಿಲ್ಲ. ಪೈಲಟ್ ಹೇಳಿದ ದೂರ ಮತ್ತು ಎತ್ತರವನ್ನೇ ನಂಬಿ ವಿಮಾನಗಳ ನಡುವೆ ಅಂತರ ಕಾಯ್ದುಕೊಳ್ಳಬೇಕು, ಆದ್ದರಿಂದ ಇಳಿಯಲು ಅನುಮತಿ ತಡವಾಗುತ್ತದೆ. ವಿಮಾನ 37,000 ಅಡಿಯಿಂದ ಇಳಿಯಲು ಶುರುಮಾಡಿದಾಗ ಮಂಗಳೂರಿಗೆ ಉಳಿದಿದ್ದುದು 77 ನಾಟಿಕಲ್ ಮೈಲಿ, ಅಂದರೆ ಸುಮಾರು 143 ಕಿ.ಮೀ.

ಪೈಲಟ್‌ಗಳಿಗೆ ಇಲ್ಲೊಂದು ಬಾಯಿಲೆಕ್ಕ ಇದೆ. ಎತ್ತರವನ್ನು ಸಾವಿರ ಅಡಿಗಳಲ್ಲಿ ಹಿಡಿದು ಮೂರರಿಂದ ಗುಣಿಸಿದರೆ ಇಳಿಯಲು ಬೇಕಾದ ದೂರ ನಾಟಿಕಲ್ ಮೈಲಿಯಲ್ಲಿ ಸಿಗುತ್ತದೆ. 37ಕ್ಕೆ ಮೂರು ಪಾಲು 111. ವೇಗ ತಗ್ಗಿಸಲು ಇನ್ನೊಂದು ಹತ್ತು ಸೇರಿಸಿಕೊಳ್ಳಿ. ನಿಲ್ದಾಣದ ಸುತ್ತ ಚಾಪದ ದಾರಿಯಲ್ಲಿ ಬಂದದ್ದರಿಂದ ಒಂದಿಷ್ಟು ಮೈಲಿ ಹೆಚ್ಚಿಗೆ ದಕ್ಕಿದರೂ ಕೊರತೆ ತುಂಬಲಿಲ್ಲ. ರೆಕ್ಕೆ ಮೇಲಿನ ಸ್ಪೀಡ್ ಬ್ರೇಕ್ ಎತ್ತಿದ್ದಾಯಿತು, ಗಾಳಿಯ ತಡೆ ಹೆಚ್ಚಲೆಂದು ಚಕ್ರಗಳನ್ನು ಸುಮಾರು 8,500 ಅಡಿಯಲ್ಲೇ ಹೊರಗೆ ಬಿಟ್ಟದ್ದಾಯಿತು. ಆದರೂ ಓಡುದಾರಿಯ ನೇರಕ್ಕೆ ಬಂದಾಗ ವಿಮಾನ ಇರಬೇಕಾದ ಎತ್ತರಕ್ಕಿಂತ ಸುಮಾರು ಎರಡು ಪಟ್ಟು ಮೇಲಿತ್ತು.

ಇಲ್ಲಿಯವರೆಗೆ ಆದದ್ದೆಲ್ಲ ತಪ್ಪೇ, ದುರಂತ ಅಲ್ಲ. ಎತ್ತರ ಹೆಚ್ಚಾಗಿ ಬರುವುದು ವಿಮಾನಯಾನದಲ್ಲಿ ದಿನವೂ ಆಗುವ ಸಂಗತಿ, ಅದಕ್ಕೆ ಇರುವ ಮದ್ದೇ ಗೋ-ಅರೌಂಡ್: ಇಳಿಯುವುದನ್ನು ಬಿಟ್ಟು ಮೇಲೇರಿ, ಒಂದು ಸುತ್ತು ಹಾಕಿ ಮತ್ತೆ ಬರುವುದು. 737ರಲ್ಲಿ ಎಂಜಿನ್ ಬಲ ಏರಿಸಿಳಿಸುವ ಥ್ರಸ್ಟ್ ಲಿವರ್ ಮೇಲಿನ ಗುಂಡಿ ಒತ್ತಿ, ರೆಕ್ಕೆಯ ಹಿಂಬದಿಯ ಫ್ಲಾಪ್ ಎಂಬ ಹಲಗೆಗಳನ್ನು 15ನೇ ಹಂತಕ್ಕೆ ಎಳೆದು, ಮೂತಿಯನ್ನು ಸುಮಾರು 15 ಡಿಗ್ರಿಗೆ ಎತ್ತಿ, ಏರುತ್ತಿದೆ ಎಂದು ಖಾತ್ರಿಯಾದ ಮೇಲೆ ಚಕ್ರ ಒಳಗೆ ತೆಗೆದುಕೊಂಡರೆ ಮುಗಿಯಿತು. ಖರ್ಚು ಒಂದಿಷ್ಟು ಇಂಧನ ಮತ್ತು ಹತ್ತು ಹದಿನೈದು ನಿಮಿಷ.

ಎಲ್ಲಿ ಬಿಟ್ಟುಬಿಡಬೇಕು ಎಂಬ ಗೆರೆಯೂ ಬರೆದಿಟ್ಟದ್ದೇ. ಮೋಡವಿದ್ದರೆ ನೆಲದಿಂದ 1000 ಅಡಿ ಮೇಲೆ, ಹೊರಗೆ ಚೆನ್ನಾಗಿ ಕಾಣುತ್ತಿದ್ದರೆ 500 ಅಡಿ ಮೇಲೆ ವಿಮಾನ ‘ಸ್ಥಿರ’ವಾಗಿರಬೇಕು. ಅಂದರೆ ಸರಿಯಾದ ಜಾಡು, ಸರಿಯಾದ ವೇಗ, ಚಕ್ರ ಮತ್ತು ಫ್ಲಾಪ್ ಇಳಿಯುವ ಸ್ಥಿತಿಯಲ್ಲಿ, ಚೆಕ್‌ಲಿಸ್ಟ್ ಮುಗಿದಿರಬೇಕು, ಇಳಿಯುವ ದರ ನಿಮಿಷಕ್ಕೆ 1000 ಅಡಿ ದಾಟಬಾರದು. ಒಂದು ತಪ್ಪಿದರೂ ಗೋ-ಅರೌಂಡ್. ಮಂಗಳೂರಿನಲ್ಲಿ ಕೊನೆಯ ಹಂತದ ಇಳಿಯುವ ದರ ನಿಮಿಷಕ್ಕೆ 4000 ಅಡಿಯ ಹತ್ತಿರಕ್ಕೆ ಹೋಗಿತ್ತು.

ಯಂತ್ರ ಸುಮ್ಮನಿರಲಿಲ್ಲ. ‘ಸಿಂಕ್ ರೇಟ್’ (ಇಳಿತ ಜೋರಾಗಿದೆ), ‘ಪುಲ್ ಅಪ್’ (ಮೇಲೆತ್ತು) ಎಂದು ಮತ್ತೆ ಮತ್ತೆ ಕೂಗಿತು. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಬಳಿ ಟಿಡಬ್ಲ್ಯುಎ ಕಂಪನಿಯ ವಿಮಾನವೊಂದು ಮೋಡದಲ್ಲಿ ಬೇಗ ಇಳಿದು ಬೆಟ್ಟಕ್ಕೆ ಬಡಿದು 92 ಜನ ಸತ್ತ ಮೇಲೆ ಅಮೆರಿಕ ತನ್ನ ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಕಡ್ಡಾಯ ಮಾಡಿದ ಎಚ್ಚರಿಕೆಯ ಯಂತ್ರದ ಮೊಮ್ಮಗ ಅದು. ಆ 92 ಜನರ ಸಾವು 35 ವರ್ಷ ದಾಟಿದ ಮೇಲೆ ಬಜ್ಪೆಯ ಆಕಾಶದಲ್ಲಿ ದನಿ ಎತ್ತಿತು, ಯಾರೂ ಕಿವಿಗೊಡಲಿಲ್ಲ.

ಸಹಪೈಲಟ್ ಕೂಡ ಕೂಗಿದರು. ಗೋ-ಅರೌಂಡ್ ಎಂಬ ಮಾತು ಮೂರು ಸಲ ಅವರ ಬಾಯಿಂದ ಬಂದದ್ದು ದಾಖಲೆಯಲ್ಲಿದೆ.

150 ಅಡಿಯ ಬೆಲೆ

ಓಡುದಾರಿಯ ಅಂಚು ದಾಟುವಾಗ ವಿಮಾನ 50 ಅಡಿ ಎತ್ತರದಲ್ಲಿ 144 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ವೇಗದಲ್ಲಿ ಇರಬೇಕಿತ್ತು. ಇದ್ದದ್ದು ಸುಮಾರು 200 ಅಡಿಯಲ್ಲಿ, 160 ನಾಟ್‌ಗೂ ಮೇಲೆ. ಓದುವಾಗ ಇದೇನು ಮಹಾ ವ್ಯತ್ಯಾಸ ಅನ್ನಿಸಬಹುದು, ಲೆಕ್ಕ ಹಾಕಿ ನೋಡಿ. ಮೂರು ಡಿಗ್ರಿ ಇಳಿಜಾರಿನಲ್ಲಿ ಒಂದು ಅಡಿ ಇಳಿಯಲು ಸುಮಾರು 19 ಅಡಿ ಮುಂದೆ ಹೋಗಬೇಕು. ಹೆಚ್ಚುವರಿ 150 ಅಡಿ ಕರಗಿಸಲು ಹೆಚ್ಚುಕಡಿಮೆ 2,850 ಅಡಿ ಓಡುದಾರಿ ಗಾಳಿಯಲ್ಲೇ ಖಾಲಿ. ವೇಗದ್ದು ಬೇರೆ: 160ನ್ನು 144ರಿಂದ ಭಾಗಿಸಿ ವರ್ಗ ಮಾಡಿದರೆ 1.23. ಬ್ರೇಕು ನುಂಗಬೇಕಾದ ಚಲನಶಕ್ತಿ ಶೇ 23ರಷ್ಟು ಜಾಸ್ತಿ. ಅದೂ ಅಲ್ಲದೆ ಜಾಸ್ತಿ ವೇಗದ ವಿಮಾನ ನೆಲ ಮುಟ್ಟಲು ಒಲ್ಲೆ ಎನ್ನುತ್ತದೆ, ತೇಲುತ್ತದೆ.

ಬಜ್ಪೆಯ ಆ ಓಡುದಾರಿ 2450 ಮೀಟರ್, ಸುಮಾರು 8,030 ಅಡಿ. ಚಕ್ರಗಳು ಸರಿಯಾಗಿ ನೆಲ ಹಿಡಿದದ್ದು ಅಂಚಿನಿಂದ ಸುಮಾರು 5,200 ಅಡಿ ದಾಟಿದ ಮೇಲೆ. ಉಳಿದದ್ದು 2,800 ಅಡಿ.

ತನಿಖೆಯಲ್ಲಿ ಹೊರಬಂದ ಕಹಿ ಸಂಗತಿ ಎಂದರೆ, ಅಷ್ಟು ತಡವಾಗಿ ಇಳಿದರೂ ಎಂಜಿನ್ ಬಲವನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ರಿವರ್ಸ್ ಥ್ರಸ್ಟ್ ಹಿಡಿದು ಬ್ರೇಕನ್ನು ಪೂರ್ತಿ ಒತ್ತಿದ್ದರೆ ವಿಮಾನ ನಿಲ್ಲುತ್ತಿತ್ತು. ಕ್ಯಾಪ್ಟನ್ ರಿವರ್ಸ್ ಹಾಕಿದರು, ಬ್ರೇಕ್ ಹಿಡಿದರು, ಕೆಲವೇ ಸೆಕೆಂಡಿನಲ್ಲಿ ಮನಸ್ಸು ಬದಲಿಸಿ ಮತ್ತೆ ಮೇಲೇರಲು ಹೋದರು. ರಿವರ್ಸ್ ಹಾಕಿದ ಮೇಲೆ ನಿಲ್ಲಿಸಲೇಬೇಕು, ಹಾರುವ ಮಾತೇ ಇಲ್ಲ ಎಂಬುದು ಬೋಯಿಂಗ್ ಕೈಪಿಡಿಯ ಖಡಕ್ ನಿಯಮ. ಎಂಜಿನ್ನಿನ ಹಿಂದೆ ತೆರೆದ ಕವಚಗಳು ವಾಪಸ್ ಮುಚ್ಚಿಕೊಳ್ಳಲು, ಎಂಜಿನ್ ಮತ್ತೆ ಪೂರ್ತಿ ಬಲಕ್ಕೆ ಬರಲು ಹಲವು ಸೆಕೆಂಡು ಬೇಕು. ಒಂದು ಬದಿಯ ಕವಚ ಮುಚ್ಚದೇ ಹೋದರೆ ವಿಮಾನ ಗಾಳಿಯಲ್ಲಿ ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. 1978ರ ಫೆಬ್ರವರಿಯಲ್ಲಿ ಕೆನಡಾದ ಕ್ರ್ಯಾನ್‌ಬ್ರೂಕ್‌ನಲ್ಲಿ ಹೀಗೇ ಆಗಿತ್ತು. ಇಳಿದ 737ರ ಮುಂದೆ ಹಿಮ ತೆಗೆಯುವ ಗಾಡಿ ಕಂಡಿತು, ಪೈಲಟ್ ಮತ್ತೆ ಹಾರಿಸಿದರು, ಒಂದು ಎಂಜಿನ್ನಿನ ರಿವರ್ಸರ್ ಪೂರ್ತಿ ಮುಚ್ಚಿರಲಿಲ್ಲ, ವಿಮಾನ ಬಿತ್ತು.

ಓಡುದಾರಿ ಮುಗಿದ ಮೇಲೆ 60 ಮೀಟರ್ ಪಟ್ಟಿ, ಆಮೇಲೆ 90 ಮೀಟರ್ ಸುರಕ್ಷತಾ ಜಾಗ. ಅದರಾಚೆ 85 ಮೀಟರ್ ದೂರದಲ್ಲಿ ದಿಕ್ಕು ತೋರಿಸುವ ಆಂಟೆನಾ, ಅದು ನಿಂತದ್ದು ಕಾಂಕ್ರೀಟ್ ಕಟ್ಟೆಯ ಮೇಲೆ. ಬಲ ರೆಕ್ಕೆ ಅದಕ್ಕೆ ಬಡಿಯಿತು. ಅದರಾಚೆ ಬೇಲಿ, ಬೇಲಿಯಾಚೆ ಕಣಿವೆ. ಗಂಟೆ ಬೆಳಿಗ್ಗೆ 6:05ರ ಸುಮಾರು.

ಹೇಳಿದರು, ಹಿಡಿಯಲಿಲ್ಲ

ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯ ನೇರ ಕಾರಣವಾಗಿ ಹೇಳಿದ್ದು, ಮೂರು ಕೂಗು ಮತ್ತು ಯಂತ್ರದ ಎಚ್ಚರಿಕೆಗಳನ್ನು ಲೆಕ್ಕಿಸದೆ ಕ್ಯಾಪ್ಟನ್ ಇಳಿಯಲು ಮುಂದುವರಿದದ್ದನ್ನು. ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದಲ್ಲಿ ಬಂದದ್ದು ಗೊರಕೆ. ನಮ್ಮ ದೃಷ್ಟಿಯಲ್ಲಿ ಆ ವರದಿಯ ಅತಿ ಮುಖ್ಯ ಸಾಲು ಪೂರಕ ಕಾರಣಗಳ ಪಟ್ಟಿಯಲ್ಲಿ ಸದ್ದಿಲ್ಲದೆ ಕೂತಿದೆ: ಸಹಪೈಲಟ್ ತಾನೇ ಗೋ-ಅರೌಂಡ್ ಮಾಡಬಹುದೇ ಎಂಬ ಬಗ್ಗೆ ಸೂಚನೆಗಳಲ್ಲಿ ಗೊಂದಲವಿತ್ತು, ಬಹುಶಃ ಅದರಿಂದಲೇ ಅವರು ಕೂಗಿದರೇ ಹೊರತು ಕಂಟ್ರೋಲ್ ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ ಎಂಬುದು.

ಆ ಸೀಟಿನಲ್ಲಿ ಕೂತವರ ಕಷ್ಟ ನೋಡಿ. ಲಿವರ್ ಎಳೆದುಕೊಂಡು ಮೇಲೇರಿದರೆ ದುರಂತ ತಪ್ಪುತ್ತದೆ. ತಪ್ಪಿದ ದುರಂತಕ್ಕೆ ಪುರಾವೆ ಎಲ್ಲಿಂದ ತರುವುದು? ಮರುದಿನ ಕಚೇರಿಯಲ್ಲಿ ‘ಕ್ಯಾಪ್ಟನ್ ಇಳಿಸುತ್ತಿದ್ದರು, ನೀನ್ಯಾಕೆ ಕೈ ಹಾಕಿದೆ’ ಎಂಬ ಪ್ರಶ್ನೆಗೆ ಉತ್ತರಿಸಬೇಕಾದವರು ಅವರೇ. ಸೂಚನೆ ಗೊಂದಲದ್ದಾಗಿದ್ದರೆ ಮನುಷ್ಯ ಬಾಯಲ್ಲಿ ಹೇಳಿ ಕೈ ಕಟ್ಟಿಕೊಳ್ಳುತ್ತಾನೆ. ಅದನ್ನು ಅಂಜುಬುರುಕತನ ಎಂದು ತಳ್ಳಿಹಾಕುವವರು ದೊಡ್ಡ ಯಂತ್ರದ ಎರಡನೇ ಸೀಟಿನಲ್ಲಿ ಕೂತು ನೋಡಿಲ್ಲ.

ಇದು ಹಳೆಯ ರೋಗ. 1977ರ ಮಾರ್ಚ್ 27ರಂದು ಟೆನೆರಿಫ್‌ನ ಮಂಜಿನಲ್ಲಿ ಕೆಎಲ್‌ಎಂ ಕಂಪನಿಯ 747 ಅನುಮತಿ ಇಲ್ಲದೆ ಓಟ ಶುರುಮಾಡಿತು. ಎದುರಿನ ಪ್ಯಾನ್ ಆ್ಯಮ್ ವಿಮಾನ ಓಡುದಾರಿ ಬಿಟ್ಟಿದೆಯೋ ಇಲ್ಲವೋ ಎಂದು ಫ್ಲೈಟ್ ಎಂಜಿನಿಯರ್ ಕೇಳಿದರು, ಕ್ಯಾಪ್ಟನ್ ‘ಬಿಟ್ಟಿದೆ’ ಎಂದು ಗಟ್ಟಿಯಾಗಿ ಹೇಳಿದ್ದಕ್ಕೆ ಸುಮ್ಮನಾದರು. 583 ಜನ ಸತ್ತರು. ಅಂದಿನಿಂದ ‘ಟೇಕ್-ಆಫ್’ ಎಂಬ ಪದವನ್ನು ನಿಯಂತ್ರಣ ಕೊಠಡಿ ಬಳಸುವುದು ಹಾರುವ ಅನುಮತಿ ಕೊಡುವಾಗ ಅಥವಾ ಆ ಅನುಮತಿ ಹಿಂದೆಗೆದುಕೊಳ್ಳುವಾಗ ಮಾತ್ರ, ಉಳಿದಂತೆ ‘ಡಿಪಾರ್ಚರ್’. ಮರುವರ್ಷ ಡಿಸೆಂಬರ್ 28ಕ್ಕೆ ಪೋರ್ಟ್‌ಲ್ಯಾಂಡ್‌ನಲ್ಲಿ ಯುನೈಟೆಡ್ ಕಂಪನಿಯ ಡಿಸಿ-8, ಚಕ್ರದ ತೊಂದರೆ ನೋಡುತ್ತಾ ಸುತ್ತು ಹಾಕಿ ಹಾಕಿ ಇಂಧನ ಬರಿದಾಗಿ ಬಿತ್ತು, ಹತ್ತು ಜನ ಹೋದರು. ಇಂಧನ ಕಮ್ಮಿ ಎಂದು ಕಿರಿಯರು ಸೂಚ್ಯವಾಗಿ ಹೇಳಿದ್ದರು, ಕ್ಯಾಪ್ಟನ್‌ರ ತಲೆ ಚಕ್ರದಲ್ಲೇ ಇತ್ತು. 1979ರಲ್ಲಿ ನಾಸಾ ಈ ವಿಷಯಕ್ಕೇ ಕಾರ್ಯಾಗಾರ ನಡೆಸಿತು, 1981ರಲ್ಲಿ ಯುನೈಟೆಡ್ ಕಂಪನಿ ಕಾಕ್‌ಪಿಟ್ ಮಂದಿಗೆಲ್ಲ ಒಟ್ಟಾಗಿ ಕೆಲಸ ಮಾಡುವ ತರಬೇತಿ ಶುರುಮಾಡಿತು. ಈಗ ಸಿಆರ್‌ಎಂ ಎಂಬ ಹೆಸರಲ್ಲಿ ಎಲ್ಲ ಕಂಪನಿಗಳಲ್ಲೂ ಇರುವುದು ಅದೇ.

ಬದಲಾದದ್ದು, ಬದಲಾಗದ್ದು

ಮಂಗಳೂರಿನ ನಂತರ ಕಾಗದದ ಮೇಲೆ ಬದಲಾದದ್ದು ಸಣ್ಣದೇನಲ್ಲ. ಅದುವರೆಗೆ ನಿಯಮ ಮಾಡುವ ಡಿಜಿಸಿಎಯ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಕೈಯಲ್ಲೇ ಹೆಚ್ಚಿನ ತನಿಖೆಗಳೂ ಇರುತ್ತಿದ್ದವು. ತಾನೇ ಪಾಠ ಹೇಳಿ ತಾನೇ ಪೇಪರ್ ತಿದ್ದಿದ ಹಾಗೆ. 2012ರ ನಿಯಮಗಳಿಂದ ವಿಮಾನ ಅಪಘಾತ ತನಿಖಾ ಬ್ಯೂರೊ ಪ್ರತ್ಯೇಕವಾಯಿತು. ಪೈಲಟ್‌ಗಳ ಕೆಲಸ ಮತ್ತು ವಿಶ್ರಾಂತಿಯ ಹೊಸ ನಿಯಮ 2011ರ ಆಗಸ್ಟ್‌ನಲ್ಲಿ ಬಂತು. ಅದರ ಮುಂದಿನ ಪರಿಷ್ಕರಣೆ 2025ರಲ್ಲಿ ಎರಡು ಹಂತದಲ್ಲಿ ಜಾರಿಗೆ ಬಂದಾಗ ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು, ರಾತ್ರಿ ಪಾಳಿಯ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳಿಯಿತು, ‘ರಾತ್ರಿ’ ಎಂಬುದು ಬೆಳಗಿನ 5ರ ಬದಲು 6ಕ್ಕೆ ಮುಗಿಯತೊಡಗಿತು. ಮಂಗಳೂರಿನ ಕೊನೆಯ ಇಳಿತ ಶುರುವಾದದ್ದು ಆ ಸೇರಿಸಿದ ಒಂದು ಗಂಟೆಯೊಳಗೇ.

ಓಡುದಾರಿಯಾಚೆಯ ಸುರಕ್ಷತಾ ಜಾಗಕ್ಕೆ ಅಂತಾರಾಷ್ಟ್ರೀಯ ನಿಯಮ ಕೇಳುವುದು ಕನಿಷ್ಠ 90 ಮೀಟರ್, ಶಿಫಾರಸು ಮಾಡುವುದು 240. ಗುಡ್ಡದ ಮೇಲೆ ಅಷ್ಟು ಜಾಗ ಸಿಗದಿದ್ದರೆ ವಿಮಾನದ ಭಾರಕ್ಕೆ ಪುಡಿಯಾಗಿ ಚಕ್ರ ಹೂತುಕೊಳ್ಳುವ ಹಗುರ ಸಿಮೆಂಟ್ ಇಟ್ಟಿಗೆಗಳ ಹಾಸು ಹಾಕಬಹುದು. ಆಂಟೆನಾ ಕಂಬಗಳು ಬಡಿದರೆ ಮುರಿದು ಬೀಳುವಂತಿರಬೇಕು.

ಆದರೆ ಕಾಕ್‌ಪಿಟ್‌ನ ಒಳಗೆ? 2020ರ ಆಗಸ್ಟ್ 7, ಕೋಯಿಕ್ಕೋಡ್. ಅದೂ ಗುಡ್ಡದ ಮೇಲಿನ ನಿಲ್ದಾಣ, ಅದೇ ಮಾದರಿಯ ವಿಮಾನ, ಅದೇ ಕಂಪನಿ. ಮಳೆ, ಕ್ಯಾಪ್ಟನ್ ಕಡೆಯ ವೈಪರ್ ಕೆಟ್ಟಿತ್ತು, ಹಿಂದಿನಿಂದ ಗಾಳಿ. 8,858 ಅಡಿ ಓಡುದಾರಿಯಲ್ಲಿ 4,438 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. 190 ಜನರಲ್ಲಿ 21 ಮಂದಿ ಸತ್ತರು. ಆ ತನಿಖೆ ಸಂಭಾವ್ಯ ಕಾರಣದಲ್ಲೇ ಎರಡು ಸಂಗತಿ ಒಟ್ಟಿಗೆ ಬರೆಯಿತು: ಸಹಪೈಲಟ್ ಗೋ-ಅರೌಂಡ್ ಎಂದರೂ ಕ್ಯಾಪ್ಟನ್ ಇಳಿಸಿದರು, ಸಹಪೈಲಟ್ ಕಂಟ್ರೋಲ್ ತೆಗೆದುಕೊಂಡು ಗೋ-ಅರೌಂಡ್ ಮಾಡಲಿಲ್ಲ. ಮಂಗಳೂರಿನಲ್ಲಿ ‘ಸೂಚನೆಯ ಗೊಂದಲ’ ಎಂದು ಪೂರಕ ಕಾರಣವಾಗಿದ್ದದ್ದು ಹತ್ತು ವರ್ಷದ ಬಳಿಕ ಮುಖ್ಯ ಕಾರಣದೊಳಗೇ ಬಂದು ಕೂತಿತು.

ನಿಯಮ ಬರೆದರೆ ಸಾಲದು, ಕೈಗೆ ರೂಢಿಯಾಗಬೇಕು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ಹಲವು ವಿಮಾನ ಕಂಪನಿಗಳಲ್ಲಿ ಈಗ ಇರುವ ಪದ್ಧತಿ ಹೀಗೆ: ಒಂದು ಸಲ ಹೇಳು; ಉತ್ತರವೋ ಬದಲಾವಣೆಯೋ ಕಾಣದಿದ್ದರೆ ಎರಡನೇ ಸಲ ಹೇಳು; ಆಗಲೂ ಇಲ್ಲವಾದರೆ ಪಕ್ಕದವರಿಗೆ ಪ್ರಜ್ಞೆ ತಪ್ಪಿದೆ ಎಂದೇ ತಿಳಿದು ‘ಐ ಹ್ಯಾವ್ ಕಂಟ್ರೋಲ್’ ಎಂದು ಯಂತ್ರ ತೆಗೆದುಕೋ. ಪ್ರಜ್ಞೆ ತಪ್ಪಿದೆ ಎಂದು ತಿಳಿಯುವುದರಲ್ಲೇ ಜಾಣತನವಿದೆ. ಹಿರಿಯರ ಮೇಲೆ ತಪ್ಪು ಹೊರಿಸಿದ ಹಾಗೆ ಆಗುವುದಿಲ್ಲ, ಮರ್ಯಾದೆಗೂ ಧಕ್ಕೆಯಿಲ್ಲ.

ತೋರಣಗಲ್ಲಿಗೆ ಬಂದರೆ

ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣ ಬಯಲಿನಲ್ಲಿದೆ, ಬಜ್ಪೆಯ ಕಣಿವೆ ಇಲ್ಲಿಲ್ಲ. ಬಿಸಿಲಿದೆ. ಸುಮಾರು 500 ಮೀಟರ್ ಎತ್ತರದಲ್ಲಿ, 42 ಡಿಗ್ರಿಯ ಮಧ್ಯಾಹ್ನ, ಗಾಳಿ ತೆಳುವಾಗಿ, ಮೀಟರ್ ತೋರಿಸುವ ಅದೇ ವೇಗಕ್ಕೆ ವಿಮಾನ ನೆಲದ ಮೇಲೆ ಸುಮಾರು ಶೇ 8ರಷ್ಟು ಜೋರಾಗಿ ಓಡುತ್ತಿರುತ್ತದೆ. ಬ್ರೇಕಿನ ಹೊರೆ ಶೇ 16ರಷ್ಟು ಜಾಸ್ತಿ. ಇಳಿಯುವ ಹೊತ್ತಿಗೆ ವಿಮಾನ ದಿಢೀರೆಂದು ಮೇಲೇರಿ ಸಂಡೂರು ಗುಡ್ಡದ ಕಡೆ ಸುತ್ತು ಹಾಕಿದರೆ ‘ಇಳಿಸೋಕೆ ಬರಲ್ಲ ಇವನಿಗೆ’ ಎಂದು ಗೊಣಗುವವರು ಇರುತ್ತಾರೆ. ಕಾಕ್‌ಪಿಟ್‌ನಲ್ಲಿ ಯಾರೋ ಒಂಟಿ ಸೀಟಿ ಊದಿದ್ದಾರೆ ಎಂದುಕೊಂಡರೆ ಸಾಕು.

ಈ ಪ್ರಕರಣ ಹೆಚ್ಚು ಉಪಯೋಗಕ್ಕೆ ಬರುವುದು ಕಾರ್ಖಾನೆಯ ಶೆಡ್ಡಿನೊಳಗೆ. ಕ್ರೇನ್ ಕೆಲಸದಲ್ಲಿ ಆಜ್ಞೆ ಕೊಡುವವನು ಒಬ್ಬನೇ ಸಿಗ್ನಲ್‌ಮ್ಯಾನ್, ‘ನಿಲ್ಲಿಸು’ ಎಂಬುದನ್ನು ಮಾತ್ರ ಯಾರು ಹೇಳಿದರೂ ನಿಲ್ಲಿಸಬೇಕು ಎಂಬ ನಿಯಮ ಮೊದಲಿನಿಂದ ಇದೆ. ಇದ್ದೂ ಯಾಕೆ ನಡೆಯುವುದಿಲ್ಲ ಎಂಬುದು ಮಾತಿನಲ್ಲೇ ಸಿಗುತ್ತದೆ. ಹೊಸ ರಿಗ್ಗರ್ (ಲೋಡು ಕಟ್ಟುವ) ಹುಡುಗ ಹೇಳುವುದು ಹೀಗೆ: ‘ಅಣ್ಣಾ, ಲೋಡು ಒಂದು ಕಡೆ ವಾಲಿದಂಗೈತಲ್ಲ... ನೋಡ್ತೀಯಾ?’ ವಾಲಿದೆ ಎನ್ನುವ ಧೈರ್ಯವಿಲ್ಲ, ವಾಲಿದಂಗೈತೆ. ನಿಲ್ಲಿಸು ಎನ್ನಲು ಬಾಯಿ ಬರುವುದಿಲ್ಲ, ನೋಡ್ತೀಯಾ. ಕ್ಯಾಬಿನ್‌ನಲ್ಲಿರುವ ಹಿರಿಯನ ಕಿವಿಗೆ ಅದು ಅಭಿಪ್ರಾಯವಾಗಿ ಬೀಳುತ್ತದೆ, ಕೈ ನಿಲ್ಲುವುದಿಲ್ಲ. ಅದೇ ಹುಡುಗನಿಗೆ ಕಲಿಸಬೇಕಾದದ್ದು ಮೂರು ತುಂಡಿನ ಮಾತು: ‘ಅಣ್ಣಾ. ಲೋಡು ವಾಲೈತೆ. ಕೆಳಗಿಳಿಸು.’ ಅಣ್ಣಾ ಎಂಬ ಮರ್ಯಾದೆ ಹಾಗೇ ಇರಲಿ, ಪ್ರಶ್ನೆಯ ಬಾಲ ಮಾತ್ರ ಬೇಡ. ಎರಡನೇ ಸಲಕ್ಕೂ ಬದಲಾವಣೆ ಕಾಣದಿದ್ದರೆ ಕ್ರೇನ್ ನಿಲ್ಲಿಸುವ ಕೆಂಪು ಗುಂಡಿ.

1000 ಅಡಿಯ ಗೆರೆಗೆ ಸಮನಾದದ್ದು ಇಲ್ಲಿ ಟ್ರಯಲ್ ಲಿಫ್ಟ್. ಲೋಡನ್ನು ನೆಲದಿಂದ 150 ಮಿ.ಮೀ. ಎತ್ತಿ ನಿಲ್ಲಿಸಿ, ಬ್ರೇಕ್ ಹಿಡಿದಿದೆಯೇ, ಸ್ಲಿಂಗ್ (ಲೋಡು ಕಟ್ಟಿದ ಹಗ್ಗ ಅಥವಾ ಪಟ್ಟಿ) ಜಾರಿದೆಯೇ, ಲೋಡ್ ಮಟ್ಟಸವಾಗಿದೆಯೇ, ಕೆಳಗೆ ಯಾರಾದರೂ ಇದ್ದಾರೆಯೇ ನೋಡಬೇಕು. ಒಂದಕ್ಕೆ ಉತ್ತರ ತಪ್ಪಾದರೂ ಕೆಳಗಿಳಿಸುವುದೇ, ‘ಎತ್ತಿದ್ದಾಯ್ತಲ್ಲ, ಹಂಗೇ ಒಯ್ದುಬಿಡು’ ಎಂಬ ಚೌಕಾಸಿ ಇಲ್ಲ. ಪಾಳಿ ಮುಗಿಯಲು ಅರ್ಧ ಗಂಟೆ ಇರುವಾಗ ಈ ಚೌಕಾಸಿ ಹೆಚ್ಚು, ಮೇಲ್ವಿಚಾರಕರು ಆ ಹೊತ್ತಿಗೆ ಶೆಡ್ಡಿನಲ್ಲಿ ನಿಂತಿರುವುದು ಒಳ್ಳೆಯದು.

ಅಭ್ಯಾಸ ಮಾಡಿಸುವ ಕ್ರಮವೂ ವಿಮಾನದವರದ್ದೇ. ಸಿಮ್ಯುಲೇಟರ್‌ನಲ್ಲಿ ಹಿರಿಯ ಪೈಲಟ್ ಬೇಕೆಂದೇ ತಪ್ಪು ಮಾಡಿ ಸುಮ್ಮನಿರುತ್ತಾರೆ, ಕಿರಿಯರು ಎಷ್ಟು ಸೆಕೆಂಡಿಗೆ ಕಂಟ್ರೋಲ್ ಹಿಡಿಯುತ್ತಾರೆ ಎಂದು ನೋಡುತ್ತಾರೆ. ಶೆಡ್ಡಿನಲ್ಲಿ ಖಾಲಿ ಹುಕ್ ಕಟ್ಟಿಕೊಂಡು, ಕೆಳಗೆ ಯಾರೂ ಇಲ್ಲದಾಗ, ತಿಂಗಳಿಗೊಮ್ಮೆ ಇದನ್ನು ಮಾಡಬಹುದು. ಮೊದಲ ಸಲ ಹುಡುಗರು ನಗುತ್ತಾರೆ, ಗುಂಡಿ ಒತ್ತುವುದಿಲ್ಲ. ಎರಡನೇ ತಿಂಗಳು ಒತ್ತುತ್ತಾರೆ, ಒತ್ತಿ ಹಿರಿಯನ ಮುಖ ನೋಡುತ್ತಾರೆ. ಆಗ ಹಿರಿಯ ಏನು ಹೇಳುತ್ತಾನೆ ಎಂಬುದರ ಮೇಲೆ ಮೂರನೇ ತಿಂಗಳು ನಿಂತಿದೆ.

ನಿಲ್ಲಿಸಿದ್ದಕ್ಕೆ ಒಂದು ಪುಸ್ತಕ ಇಡಿ. ಸಮಯ, ಲೋಡಿನ ತೂಕ, ಕಂಡದ್ದು ಏನು, ಸರಿಪಡಿಸಿದ್ದು ಏನು, ನಾಲ್ಕು ಕಾಲಂ. ನಿಲ್ಲಿಸಿದವರ ಹೆಸರಿಗೆ ಕಾಲಂ ಹಾಕಬೇಡಿ.